ಜೆಪರ್ಡಿ ನೋಟ್‌ಬುಕ್ಕಿನ ಕೊನೆಯ ಕಾಲಂ

ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ 11 ನೋಟ್‌ಬುಕ್ಕುಗಳಿವೆ. ಎಲ್ಲವೂ ಸ್ಪೈರಲ್ ಬೈಂಡಿಂಗಿನವು, ಇಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಅಗ್ಗಕ್ಕೆ ಸಿಗುತ್ತಾವಲ್ಲ, ಅಂಥವು. ಒಳಗೆ ಇರುವುದು ಬರೀ ಜೆಪರ್ಡಿ, ಅಮೆರಿಕದ ಟೀವಿ ಕ್ವಿಜ್ ಶೋ. ದಿನಾಂಕ, ಮೂವರು ಸ್ಪರ್ಧಿಗಳ ಹೆಸರು, ಅವರ ಊರು, ಕೊನೆಗೆ ಯಾರಿಗೆ ಎಷ್ಟು, ಪಕ್ಕದಲ್ಲಿ ನನ್ನ ಅಂಕ. ಹೋದ ತಿಂಗಳು ಮೈಸೂರಿನ ಗೆಳತಿಯೊಬ್ಬಳು ಫೋನಿನಲ್ಲಿ, "ಅದೇನೇ ಅಷ್ಟು ವರ್ಷದಿಂದ ಒಂದೇ ಶೋ ನೋಡ್ತೀಯ, ಅದರಲ್ಲಿ ಅಂಥಾದ್ದೇನಿದೆ?" ಅಂತ ಕೇಳಿದಳು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನ್ಯೂಜೆರ್ಸಿಗೆ ಬಂದದ್ದು 2004ರ ಆಗಸ್ಟ್‌ನಲ್ಲಿ. ಮದುವೆಯಾಗಿ ಎರಡು ತಿಂಗಳಾಗಿತ್ತು. ಎಚ್-4 ವೀಸಾ, ಹಾಗಾಗಿ ಕೆಲಸಕ್ಕೆ ಹೋಗುವಂತಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಇವರು ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಸಂಜೆ ಏಳು ಗಂಟೆಗೆ ಸುಮ್ನೆ ಟೀವಿ ಹಾಕಿದರೆ ಚಾನಲ್ 7ರಲ್ಲಿ ನೀಲಿ ಬಣ್ಣದ ದೊಡ್ಡ ಬೋರ್ಡು, ಅದರ ಎದುರು ಮೂರು ಜನ. ಮೊದಲ ದಿನ ನನಗೆ ಏನೂ ಅರ್ಥವಾಗಲಿಲ್ಲ. ನಿರೂಪಕರು ಒಂದು ವಾಕ್ಯ ಓದುತ್ತಾರೆ, ಅದರಲ್ಲಿ ಪ್ರಶ್ನೆಯೇ ಇಲ್ಲ. ಸ್ಪರ್ಧಿ ಪ್ರಶ್ನೆ ಕೇಳುತ್ತಾನೆ, ಅದಕ್ಕೆ ದುಡ್ಡು ಕೊಡುತ್ತಾರೆ!

ಆಮೇಲೆ ತಿಳಿಯಿತು, ಆಟವೇ ಹಾಗೆ. ಅಲ್ಲಿ ಉತ್ತರವನ್ನು ಅವರೇ ಸುಳಿವಾಗಿ ಕೊಡುತ್ತಾರೆ, ನಾವು ಪ್ರಶ್ನೆಯ ರೂಪದಲ್ಲಿ ಹೇಳಬೇಕು. ಮರ್ವ್ ಗ್ರಿಫಿನ್ ಅನ್ನುವವರು 1964ರಲ್ಲಿ ಶುರು ಮಾಡಿದ ಆಟ ಇದು. ಈ ತಿರುಗುಮುರುಗಿನ ಯೋಚನೆ ಅವರ ಹೆಂಡತಿಯದು. ವಿಮಾನದಲ್ಲಿ ಹೋಗುವಾಗ ಆಕೆ "5,280" ಅಂದರಂತೆ, ಇವರು "ಒಂದು ಮೈಲಿಗೆ ಎಷ್ಟು ಅಡಿ?" ಅಂದರಂತೆ, ಅಷ್ಟೇ, ಶೋ ಹುಟ್ಟಿತು. ನಾನು ನೋಡಲು ಶುರು ಮಾಡಿದಾಗ ನಿರೂಪಕರು ಅಲೆಕ್ಸ್ ಟ್ರೆಬೆಕ್. ಕೆನಡಾದವರು. 1984ರಿಂದ ಅವರೇ. ನೀಟಾದ ಸೂಟು, ಆತುರವಿಲ್ಲದ ಮಾತು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದರೂ ಇಲ್ಲಿನವರ ಮಾತಿನ ವೇಗ ಹಿಡಿಯಲಾಗದೆ ಅಂಗಡಿಯಲ್ಲಿ ತಡವರಿಸುತ್ತಿದ್ದ ನನಗೆ, ಪ್ರತಿ ಪದವನ್ನೂ ಪೂರ್ತಿ ಉಚ್ಚರಿಸುವ ಒಬ್ಬ ಮನುಷ್ಯ ದಿನಾ ಅರ್ಧ ಗಂಟೆ ಸಿಕ್ಕಿದ್ದು ಎಷ್ಟು ದೊಡ್ಡ ಸಮಾಧಾನ ಅಂತ ಈಗಲೂ ನೆನೆಯುತ್ತೇನೆ.

ಆ ಸೆಪ್ಟೆಂಬರಿನಲ್ಲಿ ಪ್ರತಿದಿನ ಗೆಲ್ಲುತ್ತಿದ್ದವನು ಒಬ್ಬನೇ. ಕೆನ್ ಜೆನ್ನಿಂಗ್ಸ್. ಸಾಲ್ಟ್ ಲೇಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್. ಅದಕ್ಕೆ ಒಂದು ವರ್ಷದ ಹಿಂದಿನವರೆಗೂ ಐದು ದಿನ ಗೆದ್ದವರು ಎದ್ದು ಹೋಗಬೇಕಿತ್ತು. 2003ರಲ್ಲಿ ಆ ಮಿತಿ ತೆಗೆದರು. ಕೆನ್ ಜೂನಿನಲ್ಲಿ ಬಂದವನು ಹೋಗಲೇ ಇಲ್ಲ. ಪಕ್ಕದ ಎರಡು ಡೆಸ್ಕಿಗೆ ಮಾತ್ರ ದಿನಾ ಹೊಸಬರು. ನಾನು ಒಬ್ಬಳೇ ಸೋಫಾದ ತುದಿಯಲ್ಲಿ ಕೂತು, ಇವತ್ತಾದರೂ ಸೋಲುತ್ತಾನಾ ಅಂತ ನೋಡುತ್ತಿದ್ದೆ. ಸೋಲಬಾರದು ಅಂತಲೂ ಇತ್ತು.

ನವೆಂಬರ್ 30. ಆ ಸಂಜೆ ಚೆನ್ನಾಗಿ ನೆನಪಿದೆ. ಮೂವತ್ತು ಸುಳಿವಿನ ಮೊದಲ ಸುತ್ತು, ಮೂವತ್ತರ ಎರಡನೇ ಸುತ್ತು ಮುಗಿದು, ಕಡೆಗೆ ಒಂದೇ ಒಂದು ಸುಳಿವಿನ ಫೈನಲ್. ಕೆನ್ ಹತ್ತಿರ 14,400 ಡಾಲರ್. ಪಕ್ಕದಲ್ಲಿ ನ್ಯಾನ್ಸಿ ಜರ್ಗ್, ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರಾಟದ ಏಜೆಂಟ್, ಆಕೆಯ ಹತ್ತಿರ 10,000. ಫೈನಲ್‌ನಲ್ಲಿ ಸುಳಿವು ನೋಡುವ ಮೊದಲೇ ಎಷ್ಟು ಪಣಕ್ಕಿಡುತ್ತೇನೆ ಅಂತ ಬರೆಯಬೇಕು. ಒಂದು ಸಂಸ್ಥೆಯ 70,000 ಬಿಳಿಕಾಲರ್ ನೌಕರರಲ್ಲಿ ಹೆಚ್ಚಿನವರು ವರ್ಷಕ್ಕೆ ನಾಲ್ಕೇ ತಿಂಗಳು ಕೆಲಸ ಮಾಡುತ್ತಾರೆ, ಯಾವುದು ಅಂತ ಸುಳಿವು. ಸರಿಯುತ್ತರ ಎಚ್ ಅಂಡ್ ಆರ್ ಬ್ಲಾಕ್, ಇಲ್ಲಿನವರ ತೆರಿಗೆ ಫಾರಂ ತುಂಬಿಕೊಡುವ ಕಂಪನಿ. ನ್ಯಾನ್ಸಿ ಸರಿಯಾಗಿ ಬರೆದಿದ್ದರು. ಪಣ 4,401. ಅಂದರೆ 14,401. ಕೆನ್ ಬರೆದದ್ದು ಫೆಡೆಕ್ಸ್.

ಆ ಒಂದು ಡಾಲರ್ ನೋಡಿ. ಕೆನ್ ಏನೂ ಪಣಕ್ಕಿಡದಿದ್ದರೆ 14,400ರಲ್ಲೇ ಇರುತ್ತಾನೆ, ಅದಕ್ಕಿಂತ ಒಂದು ಜಾಸ್ತಿ ಇದ್ದರೆ ಸಾಕು ಅಂತ ಆಕೆ ಲೆಕ್ಕ ಹಾಕಿದ್ದರು. ಕೆನ್ ಕೂಡ ಲೆಕ್ಕ ಹಾಕಿದ್ದ: ಆಕೆ ಎಲ್ಲವನ್ನೂ ಪಣಕ್ಕಿಟ್ಟು ಗೆದ್ದರೆ 20,000, ತನಗೆ 20,001 ಬೇಕು, ಹಾಗಾಗಿ 5,601. ಉತ್ತರ ತಪ್ಪಾಗಿ 8,799ಕ್ಕೆ ಇಳಿದ. 74 ಗೆಲುವು, 25,20,700 ಡಾಲರ್, ಅಲ್ಲಿಗೆ ಮುಗಿಯಿತು. ಆ ಲೆಕ್ಕ ನನಗೆ ಅರ್ಥವಾದದ್ದು ಆ ರಾತ್ರಿ, ಕರೆಂಟ್ ಬಿಲ್ಲಿನ ಕವರಿನ ಹಿಂದೆ ಕೂಡಿ ಕಳೆದು ನೋಡಿದ ಮೇಲೆ. ಇವರು ಬಂದು ಬಾಗಿಲು ತಟ್ಟಿದರೂ ಕೇಳಿಸಿರಲಿಲ್ಲ.

ಮರುದಿನ ನ್ಯಾನ್ಸಿ ಚಾಂಪಿಯನ್ ಡೆಸ್ಕಿನಲ್ಲಿ ನಿಂತರು. ಮೂರನೆಯವರಾಗಿ ಸೋತು ಹೋದರು.

ಆ ಕವರಿನಿಂದಲೇ ನೋಟ್‌ಬುಕ್ ಶುರುವಾದದ್ದು. 2005ರ ಜನವರಿಯಿಂದ ದಿನಾ ಬರೆಯತೊಡಗಿದೆ. ಮೊದಲು ಮನಸ್ಸಿಗೆ ಬಂದಂತೆ ಗೀಚುತ್ತಿದ್ದೆ, ಆಮೇಲೆ ಕೋರಿಯಟ್ ಸ್ಕೋರ್ ಅನ್ನುವ ಪದ್ಧತಿ ಇದೆ ಅಂತ ಗೊತ್ತಾಯಿತು. ಕಾರ್ಲ್ ಕೋರಿಯಟ್ ಅನ್ನುವ ಹಳೆಯ ಸ್ಪರ್ಧಿಯ ಹೆಸರಿನದು. ಮನೆಯಲ್ಲಿ ಕೂತು ಆಡುವವರಿಗೆ ಇದು ಬಹಳ ಒಳ್ಳೆಯ ಲೆಕ್ಕ. ಸರಿ ಹೇಳಿದರೆ ಬೋರ್ಡಿನಲ್ಲಿ ಆ ಸುಳಿವಿನ ಚೌಕಕ್ಕಿರುವ ಬೆಲೆ ಕೂಡಿಸಬೇಕು, ತಪ್ಪು ಹೇಳಿದರೆ ಕಳೆಯಬೇಕು, ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕು. ಡೇಲಿ ಡಬಲ್ ಬಂದರೆ, ಅಂದರೆ ಸ್ಪರ್ಧಿ ತನಗೆ ಬೇಕಾದಷ್ಟು ಪಣ ಕಟ್ಟಬಹುದಾದ ಚೌಕ, ಅದಕ್ಕೆ ಚೌಕದ ಬೆಲೆ ಮಾತ್ರ, ತಪ್ಪಿದರೆ ಕಳೆಯುವಂತಿಲ್ಲ. ಫೈನಲ್ ಲೆಕ್ಕಕ್ಕಿಲ್ಲ. ಮೊದಲ ಸುತ್ತಿನಲ್ಲಿ ಆರು ವಿಷಯ, ಒಂದೊಂದರಲ್ಲಿ 200ರಿಂದ 1,000ದವರೆಗೆ ಐದು ಚೌಕ. ಎರಡನೇ ಸುತ್ತಿನಲ್ಲಿ ಎಲ್ಲ ದುಪ್ಪಟ್ಟು. ಎಲ್ಲವನ್ನೂ ಸರಿ ಹೇಳಿದರೆ 54,000. ನನ್ನ ಮೊದಲ ದಿನದ ಅಂಕ 3,800.

ಇದರಲ್ಲಿ ಒಂದು ಶಿಸ್ತು ಬೇಕು, ಹೇಳಿಬಿಡುತ್ತೇನೆ. ಸ್ಪರ್ಧಿ ಬಾಯಿ ಬಿಡುವ ಮೊದಲೇ ಗಟ್ಟಿಯಾಗಿ ಹೇಳಬೇಕು. ಅವರು ಹೇಳಿದ ಮೇಲೆ "ಅಯ್ಯೋ, ನನಗೂ ಗೊತ್ತಿತ್ತು" ಅನ್ನುವುದು ಲೆಕ್ಕಕ್ಕಿಲ್ಲ. ಗೊತ್ತಿತ್ತು ಅನ್ನಿಸುವುದಕ್ಕೂ ಗೊತ್ತಿರುವುದಕ್ಕೂ ಎಷ್ಟು ದೂರ ಅಂತ ಆ ಒಂದು ನಿಯಮದಿಂದ ನನಗೆ ಕಾಣಿಸಿತು. ಮೊದಲ ಆರು ತಿಂಗಳು ನನ್ನ ಅಂಕ ಅರ್ಧಕ್ಕರ್ಧ ಬಿದ್ದದ್ದು ಅದರಿಂದಲೇ.

ಎಲ್ಲಿ ಸೋಲುತ್ತಿದ್ದೇನೆ ಅಂತ ನೋಟ್‌ಬುಕ್ಕೇ ತೋರಿಸಿತು. ನಾನು ಬಿಎಸ್ಸಿ ಓದಿದವಳು. ರಸಾಯನ ಶಾಸ್ತ್ರ, ಭೂಗೋಳ, ಪ್ರಾಣಿಗಳು ಬಂದರೆ ತೊಂದರೆಯಿಲ್ಲ. ಅಮೆರಿಕದ ಅಧ್ಯಕ್ಷರು, 50 ರಾಜ್ಯಗಳ ರಾಜಧಾನಿ, ಬೈಬಲ್, ಬ್ರಾಡ್‌ವೇ ನಾಟಕ, ಕಾಕ್‌ಟೇಲಿನಲ್ಲಿ ಏನೇನು ಬೆರೆಸುತ್ತಾರೆ ಅನ್ನುವುದು, ಇವೆಲ್ಲ ಬಂದರೆ ಬಾಯಿ ಕಟ್ಟುತ್ತಿತ್ತು. ರಾಜಧಾನಿಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಅನ್ನಕ್ಕೆ ಕುಕ್ಕರ್ ಇಟ್ಟು ಮೂರು ವಿಷಲ್ ಆಗುವಷ್ಟರಲ್ಲಿ ಹತ್ತು ಹೇಳಿಕೊಳ್ಳುತ್ತಿದ್ದೆ. ನಮ್ಮವರು ನ್ಯೂಯಾರ್ಕ್ ರಾಜ್ಯದ ರಾಜಧಾನಿ ನ್ಯೂಯಾರ್ಕ್ ನಗರ ಅಂದುಕೊಂಡಿರುತ್ತಾರೆ, ಅದು ಆಲ್ಬನಿ. ಬೈಬಲ್ ಮಾತ್ರ ಪೂರ್ತಿ ಓದಿದೆ. ಎರಡು ವರ್ಷ ಹಿಡಿಯಿತು. ಅಂಕಕ್ಕೆಂದು ಶುರು ಮಾಡಿದ್ದು, ರೂತಳ ಕಥೆ ಓದುವಾಗ ಅಂಕ ಮರೆತೇಹೋಗಿತ್ತು.

ಕಷ್ಟವಾದದ್ದು ಪದದಾಟದ ವಿಷಯಗಳು. 'ಬಿಫೋರ್ ಅಂಡ್ ಆಫ್ಟರ್' ಅಂತ ಒಂದು ಬರುತ್ತದೆ. ಎರಡು ಹೆಸರನ್ನು ನಡುವಿನ ಒಂದು ಪದದಿಂದ ಬೆಸೆದಿರುತ್ತಾರೆ. ಹುಟ್ಟಿನಿಂದ ಇಂಗ್ಲಿಷಿನಲ್ಲಿ ಬೆಳೆದವರಿಗೆ ಅದು ಥಟ್ ಅಂತ ಹೊಳೆಯುತ್ತದೆ, ನನಗೆ ಹೊಳೆಯುತ್ತಿರಲಿಲ್ಲ. ಅಭ್ಯಾಸಕ್ಕೆಂದು ಕನ್ನಡದಲ್ಲಿ ಕಟ್ಟತೊಡಗಿದೆ. ಅರಮನೆ ಊರಿನ ಸಿಹಿ ಅಡುಗೆ ಮನೆಯೊಳಗೆ ಸೇರಿಕೊಂಡರೆ? ಮೈಸೂರು ಪಾಕಶಾಲೆ. ವರನಟರು ಕೊಡಗಿನ ಗಡಿಯ ಬೆಟ್ಟ ಹತ್ತಿದರೆ? ರಾಜ್‌ಕುಮಾರಪರ್ವತ. ಮಗಳು ಐದಾರು ವರ್ಷದವಳಾದಾಗ ಅವಳೂ ಸೇರಿಕೊಂಡಳು. ಬಿಸಿಬೇಳೆಬಾತ್‌ರೂಮ್ ಅಂತ ಒಂದು ಕಟ್ಟಿ ಊಟದ ತಟ್ಟೆಯ ಮುಂದೆ ಬಿದ್ದು ಬಿದ್ದು ನಕ್ಕಿದ್ದಳು. ನಿಜ ಹೇಳಬೇಕೆಂದರೆ ಇಂಗ್ಲಿಷಿನ ಆ ವಿಷಯ ನನಗೆ ಒಲಿದದ್ದು ಕನ್ನಡದಲ್ಲಿ ಹೀಗೆ ಆಡಿದ ಮೇಲೆಯೇ.

2019ರ ಮೇ ತಿಂಗಳ ನಡುವೆ ಅಮ್ಮ ಆರು ತಿಂಗಳಿಗೆ ಬಂದಳು. ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು, ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿಎ ಮಾಡಿದವಳು. ಚಂದನದಲ್ಲಿ 'ಥಟ್ ಅಂತ ಹೇಳಿ' 2002ರಲ್ಲಿ ಶುರುವಾದಾಗಿನಿಂದ ತಪ್ಪಿಸಿಲ್ಲ. ನಾ. ಸೋಮೇಶ್ವರ ಅವರನ್ನು "ನಮ್ಮ ಡಾಕ್ಟ್ರು" ಅಂತಲೇ ಕರೆಯುವುದು. ಅವಳು ಬಂದ ವಾರ ಜೆಪರ್ಡಿಯಲ್ಲಿ ಟೀಚರ್‌ಗಳ ಟೂರ್ನಮೆಂಟ್ ನಡೆಯುತ್ತಿತ್ತು. "ಮೇಷ್ಟ್ರುಗಳಿಗೇ ಅಂತ ಬೇರೆ ಇಡ್ತಾರಾ!" ಅಂತ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅವತ್ತಿನಿಂದ ಸೋಫಾದಲ್ಲಿ ಆ ಜಾಗ ಅವಳದು.

ಪ್ರಶ್ನೆಯ ರೂಪದಲ್ಲಿ ಹೇಳಬೇಕು ಅನ್ನುವುದನ್ನು ಮಾತ್ರ ಕೊನೆಗೂ ಒಪ್ಪಲಿಲ್ಲ. ನಾನು ಉದಾಹರಣೆ ಕೊಟ್ಟೆ: "1967ರ ಜ್ಞಾನಪೀಠ ಪಡೆದ ಕನ್ನಡಿಗ ಅಂತ ಸುಳಿವು ಬಂದರೆ, ಕುವೆಂಪು ಯಾರು ಅನ್ನಬೇಕಮ್ಮಾ." ಅಮ್ಮ ನನ್ನನ್ನೇ ನೋಡಿದಳು. "ಕುವೆಂಪು ಯಾರು ಅಂತ ನಾನು ಕೇಳಲ್ಲ ಕಣೇ."

ಇನ್ನೊಂದು ವಿಷಯ ಅವಳಿಗೆ ಸಹಿಸಲಾಗಲಿಲ್ಲ. ಥಟ್ ಅಂತ ಹೇಳಿಯಲ್ಲಿ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಾರೆ, ಸೋತವರೂ ಕೈಯಲ್ಲಿ ಒಂದಿಷ್ಟು ಪುಸ್ತಕ ಹಿಡಿದು ಮನೆಗೆ ಹೋಗುತ್ತಾರೆ. ಜೆಪರ್ಡಿಯಲ್ಲಿ ಗಳಿಸಿದ ಮೊತ್ತ ಸಿಗುವುದು ಗೆದ್ದವರಿಗೆ ಮಾತ್ರ. ಆಗ ಎರಡನೆಯವರಿಗೆ 2,000 ಡಾಲರ್, ಮೂರನೆಯವರಿಗೆ 1,000. ಈಗ 2023ರಿಂದ ಒಂದೊಂದು ಸಾವಿರ ಹೆಚ್ಚಿಸಿದ್ದಾರೆ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯ ಸ್ಟುಡಿಯೋಗೆ ಮೊದಲ ಸಲ ಬರುವ ಖರ್ಚು ಸ್ಪರ್ಧಿಯದೇ. ವಿಮಾನ, ಹೋಟೆಲು ಎಲ್ಲ ಕಳೆದರೆ ಮೂರನೆಯವರಿಗೆ ಉಳಿಯುವುದೇನು? "ಅಷ್ಟು ದೂರದಿಂದ ಬಂದಿರ್ತಾರೆ. ಅಷ್ಟು ವರ್ಷ ಓದಿರ್ತಾರೆ. ಒಂದು ಪುಸ್ತಕಾನಾದ್ರೂ ಕೊಡಬಾರದಾ?" ಅಂದಳು. ನಾನು ಹದಿನೈದು ವರ್ಷ ನೋಡಿದ್ದೆ, ಹೀಗೆ ಯೋಚಿಸಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೂರನೆಯವರ ಹೆಸರು, ಊರು ಇರುತ್ತಿತ್ತು, ಅಷ್ಟೇ. ಅಮ್ಮ ಪೆನ್ನು ಇಸಕೊಂಡು ಬಲಗಡೆ ಒಂದು ಗೆರೆ ಎಳೆದಳು. ಮೊದಲ ಜಾಹೀರಾತಿನ ನಂತರ ನಿರೂಪಕರು ಒಬ್ಬೊಬ್ಬರ ಹತ್ತಿರ ಅರ್ಧ ನಿಮಿಷ ಮಾತಾಡುತ್ತಾರಲ್ಲ, ಮೂರನೆಯವರಾಗಿ ಹೋದವರು ಆಗ ಏನು ಹೇಳಿದ್ದರೋ ಅದನ್ನು ಅಲ್ಲಿ ಬರೆಯಬೇಕು ಅಂತ. ನಾಯಿ ಸಾಕುವವರು, ಹೆಂಡತಿಯನ್ನು ಲಿಫ್ಟಿನಲ್ಲಿ ಮೊದಲು ಕಂಡವರು, ಅಜ್ಜಿಯ ಜೊತೆ ದಿನಾ ಈ ಶೋ ನೋಡುತ್ತಾ ಬೆಳೆದವರು. ಅಜ್ಜಿ ಎಷ್ಟು ಸಲ ಬರುತ್ತಾಳೆ ಅಂತ ನಿಮಗೆ ಗೊತ್ತಿಲ್ಲ.

ಆ ಬೇಸಿಗೆಯಲ್ಲಿ ಗೆಲ್ಲುತ್ತಿದ್ದವನು ಜೇಮ್ಸ್ ಹೋಲ್ಜ್‌ಹಾವರ್. ಲಾಸ್ ವೇಗಸ್‌ನಲ್ಲಿ ಕ್ರೀಡೆಗಳ ಮೇಲೆ ಬಾಜಿ ಕಟ್ಟುವುದೇ ವೃತ್ತಿ. ಎಲ್ಲರೂ ಮೇಲಿನ ಸುಲಭದ ಚೌಕದಿಂದ ಇಳಿದರೆ ಇವನು ಕೆಳಗಿನ ದೊಡ್ಡ ಚೌಕದಿಂದ ಶುರು. ಮೊದಲು ದುಡ್ಡು ಗುಡ್ಡೆ ಹಾಕಿಕೊಂಡು, ಡೇಲಿ ಡಬಲ್ ಸಿಕ್ಕಿದಾಗ ಎರಡೂ ಕೈಯಿಂದ ಎಲ್ಲವನ್ನೂ ಮುಂದೆ ತಳ್ಳಿದ ಹಾಗೆ ಮಾಡಿ ಪೂರ್ತಿ ಪಣ. ಒಂದೇ ದಿನದಲ್ಲಿ 1,31,127 ಡಾಲರ್ ಗೆದ್ದಿದ್ದ. ತಯಾರಿ ಹೇಗೆ ಅಂದರೆ, ಲೈಬ್ರರಿಯ ಮಕ್ಕಳ ವಿಭಾಗದ ಪುಸ್ತಕಗಳು ಅಂದಿದ್ದ. ನನಗೆ ಈ ಮಾತು ಬಹಳ ಇಷ್ಟವಾಯಿತು. ಗೊತ್ತಿಲ್ಲದ ವಿಷಯಕ್ಕೆ ದಪ್ಪ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ. ಮಕ್ಕಳ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಮುಖ್ಯವಾದದ್ದೇ ಇರುತ್ತದೆ. ಮರುದಿನವೇ ಮೂರು ತಲೆಮಾರು ಸೇರಿ ಊರಿನ ಲೈಬ್ರರಿಗೆ ಹೋಗಿ, ಮಗಳ ಕಾರ್ಡಿನಲ್ಲಿ 14 ಪುಸ್ತಕ ತಂದೆವು. ಅಲ್ಲಿಯವರೆಗೂ ನನಗೆ ಒಪೆರಾ ಅಂದರೆ ತಲೆನೋವು, ಮಕ್ಕಳ ಪುಸ್ತಕ ಓದಿದ ಮೇಲೆ ಕಥೆಗಳಾದವು.

ಜೂನ್ 3, ಸೋಮವಾರ. ಅಮ್ಮ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಜೇಮ್ಸ್‌ಗೆ ಎದುರಾಗಿ ಎಮಾ ಬೆಚರ್ ಅಂತ ಶಿಕಾಗೋ ವಿಶ್ವವಿದ್ಯಾಲಯದ ಲೈಬ್ರರಿಯನ್. ಆಕೆ ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆದದ್ದೇ ಜೆಪರ್ಡಿ ಸುಳಿವುಗಳ ಕಷ್ಟ ಸುಲಭದ ಮೇಲೆ. ಫೈನಲ್‌ಗೆ ಹೋಗುವಾಗ ಎಮಾ 26,600, ಜೇಮ್ಸ್ 23,400, ಮೂರನೆಯ ಜೇ ಸೆಕ್ಸ್‌ಟನ್ 11,000. ವಿಷಯ ಶೇಕ್ಸ್‌ಪಿಯರನ ಕಾಲ. 'ಆ್ಯಸ್ ಯು ಲೈಕ್ ಇಟ್' ನಾಟಕದ ಒಂದು ಸಾಲು ಯಾವ ಲೇಖಕನ ಅಕಾಲ ಮರಣವನ್ನು ಸೂಚಿಸುತ್ತದೆ ಅಂತ ಸುಳಿವು. ಆ ಪ್ರಸಿದ್ಧ ಟ್ಯೂನು ಶುರುವಾಯಿತು, ಮೂವತ್ತು ಸೆಕೆಂಡ್. ನಾನು ಇನ್ನೂ ಸುಳಿವನ್ನು ಎರಡನೇ ಸಲ ಓದುತ್ತಿದ್ದೆ. ಅಮ್ಮ ತಲೆ ಎತ್ತಲಿಲ್ಲ. ಒಂದು ಎಳೆ ಸೊಪ್ಪಿನ ಬೇರು ಚಿವುಟಿ ಆಚೆ ಹಾಕುತ್ತಾ, "ಮಾರ್ಲೋ" ಅಂದಳು.

ಮಾರ್ಲೋನೇ, ಶೇಕ್ಸ್‌ಪಿಯರನ ಕಾಲದ ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ. ಮೂವರೂ ಸರಿ ಬರೆದಿದ್ದರು. ಎಮಾ 20,201 ಪಣ ಕಟ್ಟಿ 46,801ಕ್ಕೆ ಏರಿದರು. ಜೇಮ್ಸ್ ಕಟ್ಟಿದ್ದು ಬರೀ 1,399! ಅಷ್ಟು ಕಡಿಮೆ ಯಾಕೆ ಅಂತ ಮಾರನೇ ದಿನ ಎಲ್ಲೆಡೆ ಚರ್ಚೆ, ಬೇಕಂತಲೇ ಸೋತ ಅಂತಲೂ ಕೆಲವರು ಅಂದರು. ಅದು ಸರಿಯಲ್ಲ. ಎಮಾ ತನ್ನನ್ನು ಮೀರುವಷ್ಟು ಪಣ ಕಟ್ಟೇ ಕಟ್ಟುತ್ತಾರೆ, ಆಕೆ ಸರಿ ಹೇಳಿದರೆ ತಾನು ಎಷ್ಟು ಕಟ್ಟಿದರೂ ಮುಗಿಯಿತು. ಆಕೆ ತಪ್ಪಿದರೆ ಆಗ ಉಳಿಯುವುದು ಜೇ. ಅವನು ದುಪ್ಪಟ್ಟು ಮಾಡಿಕೊಂಡರೆ 22,000. ತಾನೂ ತಪ್ಪಿದರೆ 23,400ರಲ್ಲಿ 1,399 ಹೋಗಿ 22,001. ಮತ್ತೆ ಅದೇ ಒಂದು ಡಾಲರ್. ನಾನು ನೋಟ್‌ಬುಕ್ಕಿನಲ್ಲಿ ಬಿಡಿಸಿ ತೋರಿಸಿದೆ. ಅಮ್ಮ ಲೆಕ್ಕ ನೋಡಿ ತಲೆಯಾಡಿಸಿದಳು, ಆಮೇಲೆ "ಆ ಜೇ ಏನು ಹೇಳಿದ್ದ, ಬರ್ಕೊಂಡ್ಯಾ?" ಅಂದಳು. ಜೇಮ್ಸ್ ನೇರ ಎಮಾ ಹತ್ತಿರ ಹೋಗಿ ಕೈ ತಟ್ಟಿದ್ದು, ಲೈಬ್ರರಿಯನ್ ಒಬ್ಬಳು ಗೆದ್ದದ್ದು, ಇದನ್ನು ಅಮ್ಮ ಊರಿಗೆ ಫೋನ್ ಮಾಡಿ ತನ್ನ ಹಳೆಯ ಸಹೋದ್ಯೋಗಿಗಳಿಗೆಲ್ಲ ಹೇಳಿದಳು. ಮಾರ್ಲೋ ತಾನೂ ಹೇಳಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ, ಅದನ್ನು ನಾನು ಫೋನ್ ಇಸಕೊಂಡು ಹೇಳಿದೆ.

ಅಲೆಕ್ಸ್‌ಗೆ ಕ್ಯಾನ್ಸರ್ ಅಂತ ಆ ವರ್ಷದ ಮಾರ್ಚ್‌ನಲ್ಲೇ ಅವರೇ ಹೇಳಿದ್ದರು. ಮೇದೋಜ್ಜೀರಕದ್ದು, ನಾಲ್ಕನೇ ಹಂತ. ಆದರೂ ದಿನಾ ನಿಂತಿರುತ್ತಿದ್ದರು. ನವೆಂಬರ್ 11, ಅಮ್ಮ ಊರಿಗೆ ಹೊರಡುವ ಹಿಂದಿನ ಸಂಜೆ. ಚಾಂಪಿಯನ್‌ಗಳ ಟೂರ್ನಮೆಂಟಿನಲ್ಲಿ ಧ್ರುವ್ ಗೌರ್ ಅನ್ನುವ ಕಾಲೇಜು ಹುಡುಗ ಫೈನಲ್‌ನಲ್ಲಿ ಉತ್ತರವನ್ನೇ ಬರೆಯಲಿಲ್ಲ. 'ವಿ ಲವ್ ಯು ಅಲೆಕ್ಸ್' ಅಂತ ಬರೆದಿದ್ದ, ಅದನ್ನೂ ನಿಯಮದಂತೆ ಪ್ರಶ್ನೆಯ ರೂಪದಲ್ಲೇ. ಅಲೆಕ್ಸ್ ಅದನ್ನು ಓದಿದರು, ಧನ್ಯವಾದ ಹೇಳಿದರು, ಆಮೇಲೆ ಪಣ ನೋಡಬೇಕಲ್ಲ, 1,995, ಉಳಿದದ್ದು ಐದು ಡಾಲರ್. ಅದನ್ನು ಹೇಳುವಾಗ ಅವರ ದನಿ ಒಡೆಯಿತು. ಪ್ಯಾಕ್ ಮಾಡುತ್ತಿದ್ದ ಸೂಟ್‌ಕೇಸು ಹಾಗೇ ತೆರೆದಿತ್ತು, ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನೂ.

ಮುಂದಿನ ವರ್ಷ ನವೆಂಬರ್ 8, ಭಾನುವಾರ, ಅಲೆಕ್ಸ್ ಹೋದರು. 80 ವರ್ಷ. ಈ ಶೋ ಒಂದೇ ದಿನ ಐದು ಕಂತು ಚಿತ್ರೀಕರಿಸಿ ಮುಂದೆ ಪ್ರಸಾರ ಮಾಡುತ್ತದೆ, ಹಾಗಾಗಿ ಅವರು ತೀರಿಕೊಂಡ ಮೇಲೂ ಎರಡು ತಿಂಗಳು ದಿನಾ ಸಂಜೆ ಏಳಕ್ಕೆ ಬರುತ್ತಿದ್ದರು. ಕೊನೆಯ ಕಂತು 2021ರ ಜನವರಿ 8. ಆ ಎರಡು ತಿಂಗಳು ನಾನು ಅಂಕ ಬರೆಯಲಿಲ್ಲ, ಹೆಸರು ಮಾತ್ರ ಬರೆದೆ. ಆ ಕೊನೆಯ ವಾರಗಳಲ್ಲಿ ಐದು ಆಟ ಗೆದ್ದ ಬ್ರೇಡನ್ ಸ್ಮಿತ್, ತೆಳ್ಳಗಿನ, ನಗುಮುಖದ ಹುಡುಗ, ಅದೇ ಫೆಬ್ರವರಿಯಲ್ಲಿ 24ನೇ ವಯಸ್ಸಿಗೆ ತೀರಿಕೊಂಡ. ಅವನ ಪುಟ ತೆರೆದರೆ ಈಗಲೂ ಸ್ವಲ್ಪ ಹೊತ್ತು ಮುಂದೆ ಹೋಗಲಾಗುವುದಿಲ್ಲ.

ಶೋಗೆ ಸ್ಪರ್ಧಿಯಾಗಲು ನಾನು ಟೆಸ್ಟ್ ಬರೆದದ್ದು ಆ ವರ್ಷದ ಕೊನೆಗೆ. ಈಗ ಯಾವಾಗ ಬೇಕಾದರೂ ಆನ್‌ಲೈನ್ ಬರೆಯಬಹುದು. 50 ಸುಳಿವು, ಒಂದೊಂದಕ್ಕೆ 15 ಸೆಕೆಂಡ್, ಟೈಪ್ ಮಾಡಬೇಕು. ಎಷ್ಟು ಸರಿಯಾಯಿತು ಅಂತ ಅವರು ಹೇಳುವುದಿಲ್ಲ. ಆ ಹೊತ್ತಿಗೆ ನನ್ನ ಕೋರಿಯಟ್ 22,000ದ ಆಸುಪಾಸಿನಲ್ಲಿತ್ತು. ಎರಡು ತಿಂಗಳ ಮೇಲೆ ಮೇಲ್ ಬಂತು, ಝೂಮ್‌ನಲ್ಲಿ ಮತ್ತೊಂದು 50 ಸುಳಿವಿನ ಟೆಸ್ಟ್, ಅದಾದ ಮೇಲೆ ಇನ್ನೊಂದು ಮೇಲ್, ಈ ಸಲ ಅಣಕು ಆಟ.

ನಡುವೆ ಜನವರಿ 26ರ ಕಂತನ್ನು ಹೇಳಲೇಬೇಕು. ಏಮಿ ಶ್ನೈಡರ್ 40 ಆಟ ಗೆದ್ದು ಸೋತ ದಿನ. ಫೈನಲ್ ಸುಳಿವು: ಇಂಗ್ಲಿಷಿನಲ್ಲಿ ಹೆಸರು 'ಎಚ್' ಅಕ್ಷರದಿಂದ ಕೊನೆಯಾಗುವ ಏಕೈಕ ದೇಶ, ಅತಿ ಹೆಚ್ಚು ಜನಸಂಖ್ಯೆಯ ಹತ್ತು ದೇಶಗಳಲ್ಲಿ ಒಂದು. ಬಾಂಗ್ಲಾದೇಶ. ಪಕ್ಕದ ಮನೆಯಂಥ ದೇಶ, ನನಗೆ ಹೊಳೆಯಲಿಲ್ಲ! ಆಮೇಲೆ ಯೋಚಿಸಿದರೆ ಕಾರಣ ಗೊತ್ತಾಯಿತು. ನನ್ನ ತಲೆಯಲ್ಲಿ ಆ ಹೆಸರು ಕನ್ನಡದಲ್ಲಿದೆ, 'ಶ'ದಲ್ಲಿ ಮುಗಿಯುತ್ತದೆ, ಅಲ್ಲಿ 'ಎಚ್' ಎಲ್ಲಿಂದ ಬರಬೇಕು? ಗೆದ್ದವರು ರೋನ್ ಟಾಲ್ಸ್‌ಮಾ. ಅವರೂ ಶಿಕಾಗೋದ ಲೈಬ್ರರಿಯನ್. ಅಮ್ಮನಿಗೆ ಹೇಳಿದಾಗ ಫೋನಿನಲ್ಲೇ ಚಪ್ಪಾಳೆ ತಟ್ಟಿದಳು.

ಅಣಕು ಆಟ ಫೆಬ್ರವರಿಯಲ್ಲಿ. ಅಲ್ಲಿ ಬಂದ ಸುಳಿವುಗಳನ್ನು ಹೊರಗೆ ಹೇಳಬಾರದು, ಹೇಳುವುದಿಲ್ಲ. ಬಝರ್ ಬದಲು ಕ್ಲಿಕ್ ಮಾಡುವ ಬಾಲ್‌ಪೆನ್. ಇದರ ಬಗ್ಗೆ ಒಂದು ಮಾತು, ಯಾಕೆಂದರೆ ನೋಡುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಿರೂಪಕರು ಓದಿ ಮುಗಿಸುವವರೆಗೆ ಬಝರ್ ಕೆಲಸ ಮಾಡುವುದಿಲ್ಲ. ಓದಿ ಮುಗಿದ ಕ್ಷಣ ಒಬ್ಬರು ಸ್ವಿಚ್ ಒತ್ತುತ್ತಾರೆ, ಬೋರ್ಡಿನ ಎರಡೂ ಪಕ್ಕ ದೀಪ ಹತ್ತುತ್ತದೆ, ಅದು ನಮಗೆ ಟೀವಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಮೊದಲೇ ಒತ್ತಿದರೆ ಕಾಲು ಸೆಕೆಂಡ್ ನಿಮ್ಮ ಬಝರ್ ಸತ್ತಿರುತ್ತದೆ. ಅಲ್ಲಿ ನಿಂತ ಮೂವರಿಗೂ ಹೆಚ್ಚಿನ ಉತ್ತರಗಳು ಗೊತ್ತಿರುತ್ತವೆ. ಸೋತವರು ಹೆಬ್ಬೆರಳು ಒತ್ತಿ ಒತ್ತಿ ಕೈ ಅಲುಗಾಡಿಸುತ್ತಿರುತ್ತಾರೆ, ಗಮನವಿಟ್ಟು ನೋಡಿ. ಮೂರನೆಯವರಾದವರು ದಡ್ಡರಲ್ಲ. ಅವರ ದಿನ ಆ ಕಾಲು ಸೆಕೆಂಡಿನಲ್ಲಿ ಹೋಗಿರುತ್ತದೆ. ನಾನು ಎರಡು ವಾರ ಟೀವಿ ಮುಂದೆ ನಿಂತುಕೊಂಡು, ಓದುವವರ ಕೊನೆಯ ಪದಕ್ಕೆ ಕಾದು ಟಕ್ ಅನ್ನಿಸುವುದನ್ನು ಅಭ್ಯಾಸ ಮಾಡಿದೆ. ಮಗಳು ಪಕ್ಕದಲ್ಲಿ ನಿಂತು "ಬೇಗ ಆಯ್ತಮ್ಮಾ", "ಈಗ ಸರಿ" ಅನ್ನುತ್ತಿದ್ದಳು.

ಆಟದ ಕೊನೆಗೆ ಗೆದ್ದರೆ ದುಡ್ಡಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರು. ನಾನು ಏನೇನೋ ತಯಾರಿ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. ನಮ್ಮಮ್ಮ ಮೂವತ್ತು ವರ್ಷ ಶೇಕ್ಸ್‌ಪಿಯರ್ ಪಾಠ ಮಾಡಿದಳು, ಅವನ ಊರು ನೋಡಿಲ್ಲ, ಕರೆದುಕೊಂಡು ಹೋಗುತ್ತೇನೆ ಅಂದೆ.

ಅಲ್ಲಿಂದ 18 ತಿಂಗಳು ನನ್ನ ಹೆಸರು ಅವರ ಪಟ್ಟಿಯಲ್ಲಿತ್ತು. ಯಾವಾಗ ಬೇಕಾದರೂ ಕರೆ ಬರಬಹುದಿತ್ತು, ಬರದೆಯೂ ಇರಬಹುದಿತ್ತು. ಕಲ್ವರ್ ಸಿಟಿ ಕಡೆಯ ನಂಬರು 310ರಿಂದ ಶುರುವಾಗುತ್ತದೆ. 18 ತಿಂಗಳು ನಾನು ಫೋನನ್ನು ಬಾತ್‌ರೂಮಿಗೂ ತೆಗೆದುಕೊಂಡು ಹೋಗಿದ್ದೇನೆ. ಒಂದೇ ಒಂದು ಸಲ 310 ಬಂತು, ಅದು ರಾಂಗ್ ನಂಬರ್. 2023ರ ಆಗಸ್ಟ್‌ಗೆ ಅವಧಿ ಮುಗಿಯಿತು. ಬೇಜಾರಾಯಿತು, ಇಲ್ಲ ಅನ್ನುವುದಿಲ್ಲ. ಎರಡು ದಿನ ಟೀವಿ ಹಾಕಲಿಲ್ಲ. ಮೂರನೇ ದಿನ ಅಮ್ಮನೇ ಫೋನ್ ಮಾಡಿ, ಎರಡು ದಿನದ ಹೆಸರು ಬಿಟ್ಟುಹೋಯಿತಲ್ಲ ಅಂದಳು. ಹಾಕಿದೆ. ಆಮೇಲೆ ಮತ್ತೆ ಟೆಸ್ಟ್ ಬರೆದಿದ್ದೇನೆ.

ಈಗ ನಿರೂಪಕ ಕೆನ್ ಜೆನ್ನಿಂಗ್ಸ್. ನಾನು ಈ ದೇಶಕ್ಕೆ ಬಂದಾಗ ಮೊದಲು ನೋಡಿದ ಆ ಸ್ಪರ್ಧಿಯೇ. ಸೋಲುವುದು ಹೇಗಿರುತ್ತದೆ ಅಂತ ಆತನಿಗೆ ಗೊತ್ತು, ಅದಕ್ಕೇ ಇರಬೇಕು, ಹಿಂದೆ ಬಿದ್ದವರ ಹತ್ತಿರ ಮಾತಾಡುವಾಗ ಆತನ ದನಿ ಸ್ವಲ್ಪ ಮೆತ್ತಗಾಗುತ್ತದೆ.

ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳಾದರೆ ಮೈಸೂರಿನಲ್ಲಿ ಬೆಳಗಿನ ಜಾವ ಐದೂವರೆ. ಅಮ್ಮ ಅಷ್ಟು ಹೊತ್ತಿಗೆ ಎದ್ದಿರುತ್ತಾಳೆ. ವಿಡಿಯೋ ಕಾಲ್ ಹಾಕಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಾಳೆ. ಟೀವಿಯ ದನಿ ಅಲ್ಲಿಗೆ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಫೈನಲ್ ಸುಳಿವನ್ನು ನಾನೇ ಕನ್ನಡ ಮಾಡಿ ಹೇಳುತ್ತೇನೆ. ಹೇಳುವಷ್ಟರಲ್ಲಿ ಹತ್ತು ಸೆಕೆಂಡ್ ಹೋಗಿರುತ್ತದೆ.

ಮೊನ್ನೆ ಮಂಗಳವಾರ ಹಾಗೇ ಹೇಳಿದೆ. "ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ. ಇಬ್ಬರಿಗೂ ಹೊಳೆಯಲಿಲ್ಲ, ಟ್ಯೂನು ಮುಗಿಯಿತು.

"ಹೋಗ್ಲಿ ಬಿಡು. ಮೂರನೆಯವರು ಯಾರು ಇವತ್ತು?"

ಹೆಸರು ಹೇಳಿದೆ. ಒಹಾಯೋದವರು, ಸ್ಕೂಲ್ ಬಸ್ ಓಡಿಸುತ್ತಾರಂತೆ, ಮಕ್ಕಳು ಹತ್ತುವಾಗ ಒಂದೊಂದು ದೇಶದ ರಾಜಧಾನಿ ಕೇಳುತ್ತಾರಂತೆ.

"ಅದನ್ನೂ ಬರ್ಕೊಂಡ್ಯಾ?"

"ಬರೀತಾ ಇದೀನಮ್ಮಾ."

"ಸರಿ, ಹಾಲು ಉಕ್ಕುತ್ತೆ, ಇಡ್ತೀನಿ" ಅಂತ ಫೋನ್ ಇಟ್ಟಳು.